ಇನ್ನೊಂದು ಚೂರು ಗಾಳಿ ಬಿಡ್ತೀನಿ

ಕಾರು ಓಡಾಡದ ದಾರಿ ಅಂತ ಯಾರಾದರೂ ಆಸೆ ಹುಟ್ಟಿಸಿದರೆ, ಹಾಗಾದ್ರೆ ಅಲ್ಲಿ ಏನೇನು ಓಡಾಡುತ್ತೆ ಅಂತ ಮೊದಲೇ ಕೇಳಿಬಿಡಿ. ಮೊನ್ನೆ ಶನಿವಾರದಿಂದ ನನ್ನ ಬಲಗೈ ಏಳುತ್ತಿಲ್ಲ. ದೋಸೆ ಮಗುಚೋಕೂ ಎಡಗೈಯೇ ಗತಿ. ಇದಕ್ಕೆ ಕಾರಣ ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆ ಅಲ್ಲ, ನಮ್ಮೆಜಮಾನ್ರು.

ನಾವಿರುವುದು ಜ್ಯೂರಿಕ್‌ನಲ್ಲಿ. ಇಲ್ಲಿ ನಮ್ಮ ಪರಿಚಯದ ಅರ್ಧ ಕನ್ನಡಿಗರಿಗೆ ಈಗ ಗ್ರಾವೆಲ್ ಬೈಕ್ ಹುಚ್ಚು. ನೋಡೋಕೆ ರೇಸ್ ಸೈಕಲ್ಲಿನ ಹಾಗೇ ಇರುತ್ತೆ, ಬಾಗಿದ ಹ್ಯಾಂಡಲ್, ಆದರೆ ಟೈರು ಮಾತ್ರ ದಪ್ಪ. ಜಲ್ಲಿ ಹಾದಿಯಲ್ಲಿ ಓಡಿಸಲೆಂದೇ ಮಾಡಿದ್ದು. ಊರಲ್ಲಿ ಜಲ್ಲಿ ಸುರಿದು ಕಂಟ್ರಾಕ್ಟರ್ ನಾಪತ್ತೆಯಾದರೆ ಎಮ್ಮೆಲ್ಲೆಗೆ ಬೈತೀವಿ. ಇಲ್ಲಿ ಅಂಥದ್ದೇ ದಾರಿ ಹುಡುಕಿಕೊಂಡು, ಸೈಕಲ್ಲಿಗೂ ಟಿಕೆಟ್ ತಗೊಂಡು, ಎರಡು ರೈಲು ಬದಲಿಸಿ ಹೋಗ್ತೀವಿ.

ಎಂಗಡೀನ್ ಇರುವ ಗ್ರೌಬ್ಯುಂಡನ್ ಪ್ರಾಂತ್ಯದವರಿಗೆ ಕಾರು ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ. 1900ರಲ್ಲಿ ಇಡೀ ಪ್ರಾಂತ್ಯದ ರಸ್ತೆಗಳಲ್ಲಿ ಕಾರನ್ನೇ ನಿಷೇಧಿಸಿದ್ದರು. ಧೂಳು, ಗಲಾಟೆ, ಕುದುರೆಗಳು ಬೆದರುತ್ತವೆ ಅನ್ನುವ ದೂರು. ಜನ ಮತ್ತೆ ಮತ್ತೆ ಮತ ಹಾಕಿ, ಬೇಡ ಬೇಡ ಅಂದು, ಕೊನೆಗೆ 1925ರಲ್ಲಿ ಹೋಗಲಿ ಬನ್ನಿ ಅಂದರು. ಈಗಲೂ ನಾವು ಹೋದ ರೋಸೆಗ್ ಕಣಿವೆಗೆ, ಅದು ಎಂಗಡೀನಿನದೇ ಒಂದು ಕವಲು, ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲ. ಪಾಂಟ್ರೆಸಿನಾ ಊರಿನಿಂದ ಸುಮಾರು 7 ಕಿ.ಮೀ. ಮಣ್ಣುಜಲ್ಲಿಯ ದಾರಿ, ಪಕ್ಕದಲ್ಲೇ ಹೊಳೆ, ತುದಿಯಲ್ಲಿ ಹೆಚ್ಚುಕಡಿಮೆ 2000 ಮೀಟರ್ ಎತ್ತರದಲ್ಲಿ ಒಂದು ಹೋಟೆಲು, ಅದರಾಚೆ ಹಿಮನದಿ. ಸ್ವರ್ಗ ಅಂದ್ರೂ ತಪ್ಪಿಲ್ಲ. ಆದರೆ ಸ್ವರ್ಗದಲ್ಲಿ ರಶ್ಶು.

ಮೊದಲು ಸಿಕ್ಕವರು ಹಕ್ಕಿಯವರು. ಇಲ್ಲಿನ ಕಾಡಿನ ಪುಟ್ಟ ಹಕ್ಕಿಗಳಿಗೆ ಮನುಷ್ಯರ ಭಯವೇ ಇಲ್ಲ, ಅಂಗೈ ಮೇಲೆ ಬಂದು ಕೂತು ಕಾಳು ತಿನ್ನುತ್ತವೆ. ಹಾಗಾಗಿ ದಾರಿ ಮಧ್ಯದಲ್ಲೇ ಜನ ಕೈ ಚಾಚಿಕೊಂಡು, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಬೆಲ್ ಮಾಡಿದರೆ ಹಕ್ಕಿ ಹಾರಿಹೋಗುತ್ತೆ, ಅವರು ನಮ್ಮನ್ನು ನೋಡುವ ನೋಟಕ್ಕೆ ನಾವೂ ಹಾರಿಹೋಗಬೇಕು ಅನ್ನಿಸುತ್ತೆ. ಆಮೇಲೆ ಕೋಲು ಹಿಡಿದು ನಡೆಯುವವರು. ಆಮೇಲೆ ಉದ್ದ ಹಗ್ಗದ ನಾಯಿಗಳು. ನಾಯಿ ಈ ಅಂಚಿಗೆ, ಯಜಮಾನಿ ಆ ಅಂಚಿಗೆ, ನಡುವೆ ಕಣ್ಣಿಗೆ ಕಾಣದ ಹಗ್ಗ. ಎಲ್ಲರಿಗೂ "ಅಲೇಗ್ರಾ" ಅನ್ನಬೇಕು, ಅದು ಅಲ್ಲಿನ ರೊಮಾನ್ಷ್ ಭಾಷೆಯ ನಮಸ್ಕಾರ. ಏರಿನಲ್ಲಿ ಏದುಸಿರು ಬಿಡುವಾಗ ನನ್ನ ಬಾಯಿಂದ ಬರುತ್ತಿದ್ದುದು ಬರೀ "ಅಲೇ". ಅಷ್ಟರಲ್ಲಿ ಹಿಂದಿನಿಂದ ಒಂದು ಅಜ್ಜಿ, ಹ್ಯಾಂಡಲ್ಲಿಗೆ ಬುಟ್ಟಿ ಸಿಕ್ಕಿಸಿದ ಇ-ಬೈಕಿನಲ್ಲಿ, ಬೆವರಿನ ಹನಿಯೂ ಇಲ್ಲದೆ, ಮೂರೂ ಅಕ್ಷರ ಸ್ಪಷ್ಟವಾಗಿ ಹೇಳಿ ಮುಂದೆ ಹೋಗಿಬಿಟ್ಟರು. ಇಲ್ಲಿ ಸಾಮಾನ್ಯ ಇ-ಬೈಕಿಗೆ ಗಂಟೆಗೆ 25 ಕಿ.ಮೀ. ವೇಗದವರೆಗೆ ಮೋಟಾರು ನೆರವು ಕೊಡಬಹುದು. ನನಗೆ ನೆರವಿಗೆ ಇದ್ದದ್ದು ಬೆಳಗಿನ ಅವಲಕ್ಕಿ.

ಇವೆಲ್ಲ ಹೇಗೋ ಸಹಿಸಬಹುದು ರೀ. ಸಹಿಸೋಕಾಗದ್ದು ನಮ್ಮೆಜಮಾನ್ರ ಹೆಬ್ಬೆರಳು.

ಗ್ರಾವೆಲ್ ಸೈಕಲ್ ಓಡಿಸುವವರ ಜೀವ ಇರುವುದು ಟೈರಿನ ಗಾಳಿಯಲ್ಲಿ. ಜಾಸ್ತಿ ಇದ್ದರೆ ಜಲ್ಲಿಯ ಮೇಲೆ ಕುಪ್ಪಳಿಸುತ್ತೆ, ಕಮ್ಮಿಯಾದರೆ ಕಲ್ಲು ರಿಮ್ಮಿಗೇ ಬಡಿಯುತ್ತೆ. ಆ ನಡುವಿನ ಸರಿಯಾದ ಗಾಳಿಯನ್ನು ಇವರು ವರ್ಷಗಟ್ಟಲೆ ಹುಡುಕುತ್ತಿದ್ದಾರೆ. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಒಂದು ದಿನ ಹೇಳಿದವರಲ್ಲ. ಟೈರಿನಲ್ಲಿ ಮಾತ್ರ ಗಾಳಿಯ ಒತ್ತಡ ಪಾಯಿಂಟ್ ಒಂದು ಬಾರ್ ಹೆಚ್ಚಾದರೂ ಇವರ ಬೆನ್ನಿಗೆ ಗೊತ್ತಾಗುತ್ತಂತೆ. ಸ್ವಲ್ಪ ದೂರ ಹೋಗೋದು, ಇಳಿಯೋದು, ಹೆಬ್ಬೆರಳಲ್ಲಿ ಟೈರು ಒತ್ತೋದು, ಕಣ್ಣು ಮುಚ್ಚೋದು. "ಇನ್ನೊಂದು ಚೂರು ಗಾಳಿ ಬಿಡ್ತೀನಿ ಇರೇ." ಪುಸ್ಸ್. ಅವರದಾದ ಮೇಲೆ ನನ್ನದು. ನನ್ನ ಸೈಕಲ್ಲಿನ ಗಾಳಿಯ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.

"ಜ್ಯೂರಿಕ್‌ನಲ್ಲೇ ನೋಡಿಕೊಂಡು ಬಂದ್ರಲ್ಲ ರೀ?"

"ಅದು 400 ಮೀಟರು, ಇದು 1800. ಮೇಲೆ ಬಂದ ಹಾಗೆ ಹೊರಗಿನ ವಾಯುಭಾರ ಇಳಿಯುತ್ತೆ. ಒಳಗಿನ ಗಾಳಿ ಅಷ್ಟೇ ಇದ್ರೂ ಟೈರು ಬಿಗಿಯಾಗುತ್ತೆ, ತಿಳೀತಾ?"

ತಿಳೀತು. ಲೆಕ್ಕವೂ ಸರಿಯೇ, ಪಾಯಿಂಟ್ ಒಂದೂವರೆ ಬಾರ್‌ನಷ್ಟು ವ್ಯತ್ಯಾಸ ಬರುತ್ತೆ. ತಪ್ಪಾಗಿದ್ದರೆ ಜಗಳ ಆಡಬಹುದಿತ್ತು. ಸರಿಯಾದ ಲೆಕ್ಕ ಹೇಳುವ ಗಂಡನ ಜೊತೆ ಏನು ಜಗಳ ಆಡೋದು?

ಹೀಗೆ ಇವರು ದಾರಿಯ ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿದ್ದಾಗ ಹಿಂದೆ ಜಟಕಾ ಬಂತು. ಹೋಟೆಲಿಗೆ ಜನರನ್ನು ಒಯ್ಯುವ ಎರಡು ಕುದುರೆಯ ಗಾಡಿ, ತುಂಬ ಕಂಬಳಿ ಹೊದ್ದ ಪ್ರವಾಸಿಗರು. "ರೀ, ಏಳಿ" ಅಂದೆ. "ಒಂದೇ ಸೆಕೆಂಡು" ಅಂದರು. ಪುಸ್ಸ್. ಎಡಗಡೆಯ ಕುದುರೆ ಕಿವಿ ನಿಮಿರಿಸಿ ನಿಂತುಬಿಟ್ಟಿತು. ಗಾಡಿಯವನು ನಾಲಿಗೆಯಲ್ಲಿ ಲೊಚಗುಟ್ಟಿದ. ಕುದುರೆ ಕದಲಲಿಲ್ಲ, ಇನ್ನೊಂದು ಸಲ ಆ ಸದ್ದು ಬರುತ್ತಾ ಅಂತ ಕಾಯುತ್ತಿತ್ತು. ಬಲಗಡೆಯ ಕುದುರೆ ಬಿಡುವು ಸಿಕ್ಕಿತೆಂದು ನಿಂತಲ್ಲೇ ಲದ್ದಿ ಹಾಕಿತು. ಹಿಂದೆ ಸೈಕಲ್ಲುಗಳು ನಿಂತವು, ಅವುಗಳ ಹಿಂದೆ ಕೋಲಿನವರು, ನಾಯಿಗಳು, ಹಗ್ಗಗಳು. ಕಂಬಳಿಯೊಳಗಿನಿಂದ ಒಬ್ಬರು ಫೋಟೋ ತೆಗೆದರು. ಕಾರೇ ಬಾರದ ಕಣಿವೆಯಲ್ಲಿ ಟ್ರಾಫಿಕ್ ಜಾಮ್ ಮಾಡಿದ ಕೀರ್ತಿ ನಮ್ಮ ಮನೆತನಕ್ಕೆ ಸಂದಿತು. 1900ರಲ್ಲಿ ನಮ್ಮೆಜಮಾನ್ರು ಇಲ್ಲಿ ಬಂದಿದ್ದರೆ ಕಾರಿನ ಜೊತೆ ಸೈಕಲ್ಲಿಗೂ ನಿಷೇಧ ಬೀಳುತ್ತಿತ್ತು.

ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಸೈಕಲ್ ಷಾಪಿನವರೂ ಹೀಗೇ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಒಂದು ಸಲ ಒತ್ತಿ "ಹೂಂ, ಹೋಗಮ್ಮ" ಅಂದರೆ ಮುಗೀತು. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದುಕೊಂಡು ಕೆರೆ ಏರಿ ತನಕ ಹೋಗುತ್ತಿದ್ದೆ. ಎತ್ತಿನಗಾಡಿ ಬಿಟ್ಟರೆ ಬೇರೆ ಏನೂ ಸಿಗುತ್ತಿರಲಿಲ್ಲ. ಕಾರಿಲ್ಲದ ದಾರಿ ಅಂತ ಅದಕ್ಕೊಂದು ಬೋರ್ಡು ಹಾಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಈಗ ಡಾಂಬರು ಬಂದಿದೆ, ಒಳ್ಳೆಯದೇ ಆಯಿತು, ರಾತ್ರಿ ಆಸ್ಪತ್ರೆಗೆ ಹೋಗೋಕೆ ಅನುಕೂಲ. ಆದರೆ ಆ ರಸ್ತೆ ದಾಟೋಕೆ ಅಮ್ಮ ಈಗ ಪಕ್ಕದ ಮನೆ ಹುಡುಗನ ಕೈ ಹಿಡಿಯುತ್ತಾಳೆ.

ಮಧ್ಯಾಹ್ನ ಇನ್ ನದಿಯ ದಂಡೆಗೆ ಇಳಿದೆವು. ಸಮೇಡನ್ ವಿಮಾನ ನಿಲ್ದಾಣದ ಹತ್ತಿರ ಶ್ರೀಮಂತರ ಪುಟ್ಟ ಜೆಟ್‌ಗಳು ಇಳಿಯುತ್ತಿದ್ದವು. ನೆಲದ ಮೇಲೆ ಕಾರಿಲ್ಲ ಅಂದರೆ ಆಕಾಶವೂ ಖಾಲಿ ಅಂತೇನಲ್ಲ. ಬೇವರ್ ದಾಟಿ ಲಾ ಪುಂಟ್‌ವರೆಗೆ ಹಾರಿಕೊಂಡು ಹೋದ ಹಾಗೆ ಹೋದೆವು. "ನೋಡಿದ್ಯಾ, ಎಲ್ಲಾ ಗಾಳಿಯ ಮಹಿಮೆ" ಅಂದರು. ಮಹಿಮೆ ನಿಜ, ಗಾಳಿ ಬೇರೆ. ಬೇರೆ ಕಣಿವೆಗಳಲ್ಲಿ ಹಗಲು ಗಾಳಿ ಕೆಳಗಿಂದ ಮೇಲಕ್ಕೆ ಬೀಸಿದರೆ ಇಲ್ಲಿ ಉಲ್ಟಾ. ಮಲೋಯಾ ಘಾಟಿನಿಂದ ಕೆಳಗೆ ಬೀಸುತ್ತೆ, ಹೆಸರೇ ಮಲೋಯಾ ಗಾಳಿ. ವಾಪಸ್ ತಿರುಗಿದ್ದೇ ಮುಖಕ್ಕೆ ರಾಚಿತು. ಬೆಳಗ್ಗೆಯಿಂದ ಇವರು ಬಿಟ್ಟ ಗಾಳಿಯೆಲ್ಲ ಒಟ್ಟಾಗಿ ನನ್ನ ಎದುರಿಗೇ ಬಂದಿದೆ ಅನ್ನಿಸಿತು.

ಅಷ್ಟರಲ್ಲಿ ನನ್ನ ಹಿಂದಿನ ಟೈರು ರಿಮ್ಮಿಗೆ ಟಕ್ ಟಕ್ ಬಡಿಯತೊಡಗಿತು. ಬಿಟ್ಟದ್ದನ್ನೆಲ್ಲ ಮತ್ತೆ ತುಂಬಬೇಕು. ಪಂಪು ಗೇಣುದ್ದ. "ನೀನು ಹೊಡಿ, ನಾನು ಒತ್ತಿ ನೋಡ್ತೀನಿ" ಅಂದರು. ಹೊಡೆದೆ. "ಇನ್ನೂ." ಹೊಡೆದೆ. "ಇನ್ನೂ." ಮತ್ತೂ ಹೊಡೆದೆ. "ಅಯ್ಯೋ, ಸ್ವಲ್ಪ ಜಾಸ್ತಿ ಆಯ್ತು ಕಣೇ." ಪುಸ್ಸ್.

ನಾನು ಒಂದೂ ಮಾತಾಡದೆ ಸೈಕಲ್ ತಳ್ಳಿಕೊಂಡು ಲಾ ಪುಂಟ್ ಸ್ಟೇಷನ್ನಿಗೆ ನಡೆದೆ. ಕೆಂಪು ರೈಲು ಬಂತು. ಸೈಕಲ್ ನಿಲ್ಲಿಸುವ ಜಾಗದ ಪಕ್ಕ ಅದೇ ಅಜ್ಜಿ ಕೂತಿದ್ದರು. ನಾನು "ಅಲೇಗ್ರಾ" ಅಂದೆ, ಪೂರ್ತಿಯಾಗಿ. ನಮ್ಮೆಜಮಾನ್ರ ಕಣ್ಣು ಅವರ ಟೈರಿನ ಮೇಲಿತ್ತು. ಬೇಡ ರೀ ಅನ್ನುವಷ್ಟರಲ್ಲಿ ಹೆಬ್ಬೆರಳು ಹೋಗಿಬಿಟ್ಟಿತ್ತು. ಅಜ್ಜಿ ಬೈಯುತ್ತಾರೆ ಅಂದುಕೊಂಡೆ, ನಿಜ ಹೇಳಬೇಕೆಂದರೆ ಬೈಯಲಿ ಅಂತ ಕಾದೆ. ಅವರು ಬುಟ್ಟಿಗೆ ಕೈ ಹಾಕಿ ಗಾಳಿ ಅಳೆಯುವ ಡಿಜಿಟಲ್ ಗೇಜು ತೆಗೆದು ಇವರ ಕೈಗಿಟ್ಟರು.