ಹತ್ತು ಅಡಿ ದೂರದ ನಗು

ಬಸ್ಸಿನಲ್ಲಿ ಕಂಡಕ್ಟರ್ ನಮ್ಮನ್ನು ನೋಡಿ ನಕ್ಕರೆ ಏನರ್ಥ? ಚಿಲ್ಲರೆ ವಾಪಸ್ ಬರಲ್ಲ ಅಂತ. ಇದನ್ನು ತಿಳಿಯೋಕೆ ನಮಗೆ ಎಂಬಿಎ ಬೇಕಾಗಲಿಲ್ಲ. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್‌ಗೆ ಮಾತ್ರ ಜರ್ಮನಿಯಲ್ಲಿ ಎಂಟೂವರೆ ವರ್ಷ ಮತ್ತು ಸುಮಾರು 100 ಕೋಟಿ ಡಾಲರ್ ಬೇಕಾಯಿತು.

1997ರ ಕೊನೆಗೆ ಅದು ಅಲ್ಲಿ ಕಾಲಿಟ್ಟಿತು. ಎರಡು ಸ್ಥಳೀಯ ಅಂಗಡಿ ಸರಣಿಗಳನ್ನು ಕೊಂಡು 95 ಮಳಿಗೆಗಳ ಒಡೆಯನಾಯಿತು. ಅಲ್ಲಿಗೆ ಕಳಿಸಿದ ಮೊದಲ ಸಾಹೇಬರಿಗೆ ಜರ್ಮನ್ ಬರುತ್ತಿರಲಿಲ್ಲ. ಅದಕ್ಕೊಂದು ಸುಲಭ ಪರಿಹಾರ ಸಿಕ್ಕಿತು: ಇನ್ನು ಮೇಲೆ ಮ್ಯಾನೇಜರುಗಳೆಲ್ಲ ಇಂಗ್ಲಿಷ್ ಮಾತಾಡಲಿ!

ಆಮೇಲೆ ನಗು. ಸ್ಥಾಪಕ ಸ್ಯಾಮ್ ವಾಲ್ಟನ್ ಹಾಕಿಕೊಟ್ಟ ನಿಯಮ ಒಂದಿತ್ತು. ಗಿರಾಕಿ 10 ಅಡಿ ಹತ್ತಿರ ಬಂದರೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿಸಬೇಕು. ಪಾಪ, ಜರ್ಮನ್ ಗಿರಾಕಿ ಬಂದದ್ದು ಆಲೂಗಡ್ಡೆಗೆ. ಗುರುತು ಪರಿಚಯ ಇಲ್ಲದ ಹುಡುಗಿ ನಕ್ಕರೆ ಕೆಲವು ಗಂಡಸರು ತಮ್ಮ ಮೇಲೆ ಮನಸ್ಸಾಗಿದೆ ಎಂದೇ ತಿಳಿದರಂತೆ. ಉಳಿದವರು ಪರ್ಸ್ ಮುಟ್ಟಿ ನೋಡಿಕೊಂಡಿರಬೇಕು.

ತಮಾಷೆ ಏನೆಂದರೆ, ಗಿರಾಕಿಯನ್ನು ನೋಡಿ ನಗಲೇಬೇಕಾದ ಆ ಹುಡುಗಿ ಪಕ್ಕದ ಕೌಂಟರಿನ ಹುಡುಗನನ್ನು ನೋಡಿ ನಗುವ ಮುಂಚೆ ಯೋಚಿಸಬೇಕಿತ್ತು. ಸಿಬ್ಬಂದಿಯ ಪ್ರೇಮಕ್ಕೆ ಕಂಪನಿಯ ನೀತಿಸಂಹಿತೆ ಕಡಿವಾಣ ಹಾಕಿತ್ತು. ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳಿಕೊಡೋಕೆ ಫೋನ್ ನಂಬರೂ ಇತ್ತು! ಕೊನೆಗೆ 2005ರಲ್ಲಿ ವುಪ್ಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯವೇ ಪ್ರೇಮದ ಪರ ನಿಲ್ಲಬೇಕಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇವರು ಅಮೆರಿಕದ ಅಳತೆಯ ದಿಂಬಿನ ಕವರ್ ತಂದರು. ಜರ್ಮನ್ ದಿಂಬು ಚೌಕ. ಅಗ್ಗದ ಬೆಲೆಯಾದರೂ ಕೈ ಹಿಡಿಯಬಹುದಿತ್ತು, ಅಲ್ವಾ? ಆ ಆಟದಲ್ಲಿ ಆಲ್ಡಿ ಎಂಬ ಅಲ್ಲಿನ ಅಂಗಡಿಯವರು ಮೊದಲೇ ಪಳಗಿದ್ದರು. ಸಾಲದ್ದಕ್ಕೆ 2000ದಲ್ಲಿ ಸರ್ಕಾರದ ಇಲಾಖೆ ಇಬ್ಬರನ್ನೂ ಕರೆದು, ಹಾಲು ಬೆಣ್ಣೆಯನ್ನು ಅಸಲಿಗಿಂತ ಕಡಿಮೆಗೆ ಮಾರಬೇಡಿ ಎಂದು ಗದರಿತು.

ನನಗೆ ಜಾಸ್ತಿ ಇಷ್ಟವಾದದ್ದು ಜೈಕಾರದ ಕಥೆ. ಸಿಬ್ಬಂದಿ ಸಾಲಾಗಿ ನಿಂತು ಕಂಪನಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಗಬೇಕು. ನಡುವೆ ಒಮ್ಮೆ ಸೊಂಟ ಬಳುಕಿಸಬೇಕು. ಇದನ್ನು ವಾಲ್ಟನ್ ಕಲಿತದ್ದು 1975ರಲ್ಲಿ, ಕೊರಿಯಾದ ಒಂದು ಟೆನಿಸ್ ಚೆಂಡಿನ ಕಾರ್ಖಾನೆಯಲ್ಲಿ. ಅದೇ ಕೊರಿಯಾದಿಂದ ವಾಲ್‌ಮಾರ್ಟ್ 2006ರ ಮೇನಲ್ಲಿ ಗಂಟುಮೂಟೆ ಕಟ್ಟಿತು. ಜುಲೈನಲ್ಲಿ ಜರ್ಮನಿಯ ಸರದಿ. ಉಳಿದಿದ್ದ 85 ಮಳಿಗೆ ಮೆಟ್ರೊ ಎಂಬ ಜರ್ಮನ್ ಕಂಪನಿಯ ಪಾಲಾದವು. ಜೈಕಾರ ತವರುಮನೆಯಲ್ಲೂ ಕೈಕೊಟ್ಟಿತು.

2018ರಲ್ಲಿ ಅದೇ ವಾಲ್‌ಮಾರ್ಟ್ ನಮ್ಮ ಬೆಂಗಳೂರಿನಲ್ಲಿ ವ್ಯಾಪಾರ ಕುದುರಿಸಿತು. ಈ ಸಲ ಅಂಗಡಿ ಸರಣಿಯ ಬದಲು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಸುಮಾರು 77% ಪಾಲು ಕೊಂಡಿತು. ಮೊಬೈಲಿನಲ್ಲಿ ಯಾರೂ 10 ಅಡಿ ಹತ್ತಿರ ಬರುವುದಿಲ್ಲ. ಬಾಗಿಲಿಗೆ ಪಾರ್ಸೆಲ್ ತರುವ ಹುಡುಗ ನನ್ನ ಮುಖವನ್ನೂ ನೋಡುವುದಿಲ್ಲ. ಹೆಲ್ಮೆಟ್ ಒಳಗಿಂದಲೇ "ಓಟಿಪಿ ಹೇಳಿ ಸಾರ್" ಎನ್ನುತ್ತಾನೆ.