ರೆಸಿಸ್ಟರ್ ಮತ್ತೆ ಮತ್ತೆ ಸುಡುತ್ತಿದ್ದರೆ ತಪ್ಪು ರೆಸಿಸ್ಟರ್‌ನದ್ದಲ್ಲ

ನಮ್ಮ ಸೆಡಾನ್‌ಗೆ ಈಗ 18 ವರ್ಷ. ಒಳಗೆ ಎಸಿ ಗಾಳಿ ಊದುವ ಫ್ಯಾನಿನ, ಅಂದರೆ ಬ್ಲೋವರಿನ, ಸ್ವಿಚ್ಚು 1, 2, 3ರಲ್ಲಿದ್ದರೆ ಗಾಳಿಯೇ ಇಲ್ಲ, 4ಕ್ಕೆ ತಿರುಗಿಸಿದರೆ ಮಾತ್ರ ಭರ್ರೆಂದು ಬರುತ್ತಿತ್ತು. ತೋರಿಸಿದ ಕಡೆ ಹೇಳಿದ್ದು ಒಂದೇ ಮಾತು: "ಮೋಟಾರ್ ಹೋಗಿದೆ ಸಾರ್, ಇದಕ್ಕೆಲ್ಲ ಈಗ ಪಾರ್ಟ್ ಸಿಗಲ್ಲ, ಕೊಟ್ಟುಬಿಡಿ."

ನನಗೆ ಸಿಟ್ಟು ಬಂದಿದ್ದು ಇಲ್ಲಿಯೇ. 4ರಲ್ಲಿ ತಿರುಗುವ ಮೋಟಾರ್ ಸತ್ತಿರೋದು ಹೇಗೆ? ಕೈಯಿಂದ ತಿರುಗಿಸುವ ಸ್ವಿಚ್ಚಿರುವ ಹಳೇ ಗಾಡಿಗಳಲ್ಲಿ ಕಡಿಮೆ ವೇಗಗಳಿಗೆಲ್ಲ ಕರೆಂಟ್ ಒಂದು ರೆಸಿಸ್ಟರ್ (ಕರೆಂಟನ್ನು ತಡೆದು ಕಡಿಮೆ ಮಾಡುವ ಪುಟ್ಟ ಪಾರ್ಟ್) ಮೂಲಕ ಹಾದುಹೋಗುತ್ತದೆ. ಕೊನೆಯ ವೇಗಕ್ಕೆ ಅದರ ಹಂಗಿಲ್ಲ, ಪೂರ್ತಿ 12 ವೋಲ್ಟ್ ನೇರ ಮೋಟಾರ್‌ಗೆ. ಹಾಗಾಗಿ ಕೊನೆಯ ವೇಗ ಮಾತ್ರ ಉಳಿದಿದ್ದರೆ ಮೊದಲು ನೋಡಬೇಕಾದ್ದು ರೆಸಿಸ್ಟರ್ ಮತ್ತು ಅದಕ್ಕೆ ವೈರುಗಳನ್ನು ಜೋಡಿಸುವ ಕಪ್ಲರ್. ಹೆಚ್ಚಿನ ಗಾಡಿಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದೆ, ಗಾಳಿ ಹೋಗುವ ದಾರಿಯಲ್ಲೇ, ಎರಡೇ ಸ್ಕ್ರೂನಲ್ಲಿ ಕೂತಿರುತ್ತದೆ. ಅಲ್ಲಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡಿ. ಪಕ್ಕದಲ್ಲೇ ಏರ್‌ಬ್ಯಾಗ್ ಇರಬಹುದು.

ಬಿಚ್ಚಿದೆ, ಸುಟ್ಟಿತ್ತು, ಹೊಸದು ಹಾಕಿದೆ. ನಾಲ್ಕು ತಿಂಗಳಿಗೆ ಅದೂ ಸುಟ್ಟಿತು.

ಆಗ ಹೊಳೆದದ್ದು, ಅದು ಯಾಕೆ ಸುಟ್ಟಿತು ಅಂತ ನಾನು ಕೇಳಿಯೇ ಇರಲಿಲ್ಲ. ರೆಸಿಸ್ಟರನ್ನು ತಣ್ಣಗಿಡುವುದು ಬ್ಲೋವರಿನದೇ ಗಾಳಿ. ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡರೆ ಆ ಗಾಳಿ ಸಾಲದು. ಮೋಟಾರ್‌ನ ಬುಷ್ (ತಿರುಗುವ ದಂಡವನ್ನು ಹಿಡಿದಿಡುವ ಬಳೆ) ಒಣಗಿ ಬಿಗಿಯಾದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಕರೆಂಟ್ ಎರಡು ಪಟ್ಟಾದರೆ ರೆಸಿಸ್ಟರ್‌ನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು! ಮೋಟಾರ್ ಇಳಿಸಿ ನೋಡಿದರೆ ಫ್ಯಾನಿನ ರೆಕ್ಕೆಗಳ ನಡುವೆ ಒಣ ಎಲೆ ತುಂಬಿತ್ತು, ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಕಪ್ಲರ್‌ನ ಪ್ಲಾಸ್ಟಿಕ್ ಕೂಡ ಕಂದಾಗಿ ಕರಗಿತ್ತು. ಆ ಕಪ್ಲರ್ ಬದಲಿಸದೆ ಹೊಸ ರೆಸಿಸ್ಟರ್ ಹಾಕುವುದು ದುಡ್ಡು ಸುಟ್ಟಂತೆ.

"ಪಾರ್ಟ್ ಸಿಗಲ್ಲ" ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಗಾಡಿಯ ಹೆಸರು, ವರ್ಷ ಹೇಳಿ ಕೇಳಿದರೆ ಸಿಗಲ್ಲ, ಅಷ್ಟೇ. ಹಳೇ ಪಾರ್ಟ್ ಒರೆಸಿ, ಮೇಲೆ ಅಚ್ಚಾಗಿರುವ ನಂಬರ್ ಬರೆದುಕೊಳ್ಳಿ. ಕಂಪನಿಗಳು ಎಷ್ಟೋ ಸಲ ಹಳೇ ನಂಬರ್ ನಿಲ್ಲಿಸಿ ಅದೇ ಪಾರ್ಟಿಗೆ ಹೊಸ ನಂಬರ್ ಕೊಟ್ಟಿರುತ್ತವೆ. ಅದೇ ಪಾರ್ಟ್ ಅದೇ ಕಂಪನಿಯ ಇನ್ನೊಂದು ಮಾಡೆಲ್‌ಗೂ ಬಂದಿರುತ್ತದೆ. 17 ಅಕ್ಷರದ ಛಾಸಿ ನಂಬರ್ ಕೊಟ್ಟು ಹುಡುಕಿಸಿದರೆ ಇವೆಲ್ಲ ಹೊರಬರುತ್ತವೆ (ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಹಾಗೆ ಕಂಡರೆ ಅದು ಒಂದೋ ಸೊನ್ನೆಯೋ ಆಗಿರುತ್ತದೆ). ಗುಜರಿಯಲ್ಲಿ ಕೊಳ್ಳುವುದಾದರೆ ಕಪ್ಲರಿನ ಪಿನ್ ಎಣಿಸಿ ನೋಡಿ. ಆಟೋಮ್ಯಾಟಿಕ್ ಎಸಿ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅದು ಇದಕ್ಕೆ ಕೂರುವುದಿಲ್ಲ.

ಬ್ಲೋವರ್ ಸರಿಯಾದ ಮೇಲೆ ಇನ್ನೊಂದು ಬಯಲಾಯಿತು, ಗಾಳಿಯ ಜೊತೆ ಸುಟ್ಟ ಆಯಿಲ್ ವಾಸನೆ. ಹೊರಗಿನ ಗಾಳಿ ಒಳಬರುವುದು ಮುಂದಿನ ಗಾಜಿನ ಬುಡದಿಂದ, ಬಾನೆಟ್ಟಿನ ಪಕ್ಕದಲ್ಲೇ. ಒಳಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದಾಗ ವಾಸನೆ ಕಡಿಮೆಯಾಯಿತು, ಹಾಗಾದರೆ ಮೂಲ ಇಂಜಿನ್ ಕಡೆಯೇ. (ಸಿಹಿ ವಾಸನೆ ಬಂದು ಗಾಜು ಒಳಗಿಂದ ಮಂಜಾದರೆ ಕೂಲಂಟ್ ಹರಿದು ಒಳಗಾಳಿ ಬಿಸಿಮಾಡುವ ಹೀಟರ್ ಕೋರ್ ಕಡೆ ನೋಡಬೇಕು.) ಇಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಪ್ಯಾಕಿಂಗ್‌ನಿಂದ ಆಯಿಲ್ ಜಿನುಗಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿತ್ತು.

ಈ ಸಲ ಪ್ಯಾಕಿಂಗ್ ತರುವ ಮೊದಲೇ ಇಂಜಿನ್ ಒಳಗೆ ಸೇರುವ ಗ್ಯಾಸ್ ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದೆ. ಒಳಗಿನ ಕವಾಟ ಟಕಟಕ ಅನ್ನಬೇಕು, ಅನ್ನಲಿಲ್ಲ, ಮಸಿ ಕಟ್ಟಿತ್ತು. ಅದು ಮುಚ್ಚಿಕೊಂಡರೆ ಇಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಒಳಗಿನ ಒತ್ತಡ ಆಯಿಲನ್ನು ಸಿಕ್ಕ ಸಂದಿಯಿಂದ ಹೊರಗೆ ತಳ್ಳುತ್ತದೆ, ಹೊಸ ಪ್ಯಾಕಿಂಗ್ ಆದರೂ ಅಷ್ಟೇ. ಎರಡನ್ನೂ ಒಟ್ಟಿಗೆ ಬದಲಿಸಿ, ಕವರ್ ಬೋಲ್ಟುಗಳನ್ನು ಕೈಪಿಡಿಯ ಅಂಕಿಯಂತೆ ಟಾರ್ಕ್ ಸ್ಪ್ಯಾನರ್‌ನಲ್ಲಿ, ನಡುವಿನಿಂದ ಶುರುಮಾಡಿ ಹೊರಕ್ಕೆ ಹಂತಹಂತವಾಗಿ ಬಿಗಿ ಮಾಡಿದೆ.

ಒಂದು ವರ್ಷ ದಾಟಿತು. ಕವರಿನ ಅಂಚು ಒಣಗಿದೆ, ರೆಸಿಸ್ಟರ್ ಅದೇ ಇದೆ, ಬ್ಲೋವರ್ 1ರಲ್ಲಿ ಸದ್ದಿಲ್ಲದೆ ತಿರುಗುತ್ತಿದೆ.