ಪಂಚಾಯ್ತಿ ಕೆಲಸಕ್ಕೆ ಮಾರ್ಚ್ ಲೆಕ್ಕ ಸಾಕು, ಮಳೆ ಲೆಕ್ಕ ಬರಲಿ

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಸುತ್ತಲಿನ ಜಿಲ್ಲೆಗಳಿಂದ ಜನ ಕಾರು, ಟೆಂಪೋ ಮಾಡಿಕೊಂಡು ನೋಡಲು ಹೋದರು. ಅದೇ ಮಳೆಗಾಲದಲ್ಲಿ ಬಯಲುಸೀಮೆಯ ಎಷ್ಟೋ ಸಣ್ಣ ಕೆರೆಗಳ ಏರಿ ಒಡೆದು ಹೊಲಗಳ ಮೇಲೆ ಮರಳು ಬಂದು ಕೂತಿತು. ಮರುವರ್ಷ ಏನಾಯಿತು ಅಂತ ನೆನಪಿದೆ ಅಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಹವಾಮಾನ ಬದಲಾವಣೆ ನಮ್ಮ ಕಡೆಗೆ ಬಂದಿರುವುದು ಹೀಗೆ. ಗಾಳಿ ಒಂದು ಡಿಗ್ರಿ ಜಾಸ್ತಿ ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಅದಕ್ಕೇ ಸುರಿದರೆ ಒಂದೇ ರಾತ್ರಿ ಸುರಿಯುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಇದನ್ನು ಮೊದಲು ಎದುರಿಸುವುದು ದೆಹಲಿಯೂ ಅಲ್ಲ, ವಿಧಾನಸೌಧವೂ ಅಲ್ಲ. ಟ್ಯಾಂಕರ್ ಬರಲಿಲ್ಲ ಅಂತ ಜನ ಖಾಲಿ ಕೊಡ ಹಿಡಿದು ಹೋಗಿ ನಿಲ್ಲುವುದು ಪಂಚಾಯ್ತಿ ಕಚೇರಿ ಮುಂದೆ.

ಪಂಚಾಯ್ತಿ ಏನು ಮಾಡಬಹುದು ಅಂದಾಗ ಎಲ್ಲರೂ ಹೊಸ ಯೋಜನೆಗಳ ಮಾತಾಡುತ್ತಾರೆ. ನನಗೆ ಅನ್ನಿಸುವುದು ಬೇರೆ. ಪಂಚಾಯ್ತಿ ಈಗ ಮಾಡುತ್ತಿರುವ ಕೆಲಸಗಳಲ್ಲೇ ಅರ್ಧಕ್ಕರ್ಧ ಹವಾಮಾನದ ಕೆಲಸ. ಆದರೆ ಅವು ಯಾವುವೂ ಸರಿಯಾದ ಹೊತ್ತಿಗೆ ಆಗುವುದಿಲ್ಲ. ಕ್ರಿಯಾ ಯೋಜನೆ, ಮಂಜೂರಾತಿ, ಬಿಲ್ಲು ಎಲ್ಲವೂ ಮಾರ್ಚ್ 31ರ ಸುತ್ತ ತಿರುಗುತ್ತವೆ. ಮಳೆಗೆ ಮಾರ್ಚ್ 31 ಗೊತ್ತಿಲ್ಲ.

ಗಿಡ ನೆಡುವುದನ್ನೇ ನೋಡಿ. ಜೂನ್ 5ಕ್ಕೆ ಪರಿಸರ ದಿನ. ಶಾಲೆ ಮುಂದೆ, ರಸ್ತೆ ಬದಿಯಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಮಲೆನಾಡಿಗೆ ಅದು ಸರಿಯಾದ ಕಾಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಮೇ ತಿಂಗಳಲ್ಲಿ ಒಂದಿಷ್ಟು ಮಳೆ ಬರುತ್ತದೆ. ನಂತರ ಜೂನ್, ಜುಲೈ ಬರೀ ಗಾಳಿ. ಜೋರು ಮಳೆ ಬರುವುದು ಸೆಪ್ಟೆಂಬರ್‌ ಹೊತ್ತಿಗೆ. ಜೂನ್‌ನಲ್ಲಿ ನೆಟ್ಟ ಎಳೆ ಗಿಡ ಆ ಗಾಳಿಗೇ ಒಣಗಿಹೋಗುತ್ತದೆ. ಮೇ ಮಳೆಗೆ ಗುಂಡಿ ತೆಗೆದಿಟ್ಟು, ಆಗಸ್ಟ್, ಸೆಪ್ಟೆಂಬರ್ ಹೊತ್ತಿನ ಮಘೆ, ಹುಬ್ಬೆ ಮಳೆ ನೋಡಿಕೊಂಡು ನೆಡಿ ಅಂತ ಊರಿನ ಯಾವ ರೈತನಾದರೂ ಹೇಳುತ್ತಾನೆ. ಅವನನ್ನು ಕೇಳುವವರಿಲ್ಲ. ಮಾರನೇ ವರ್ಷ ಅದೇ ಗುಂಡಿಗೆ ಹೊಸ ಗಿಡ, ಹೊಸ ಬಿಲ್ಲು.

ಇನ್ನು ಕೆರೆ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ. ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಅಂದರೆ ನಮ್ಮ ಊರೂರ ಚಿಕ್ಕ ಕೆರೆ, ಕಟ್ಟೆ, ಗೋಕಟ್ಟೆಗಳ ಹೊಣೆ ನಮ್ಮವರದ್ದೇ. ಕೆರೆ ಅಭಿವೃದ್ಧಿ ಅಂದಾಗ ಏನು ಮಾಡುತ್ತಾರೆ? ಏರಿ ಮೇಲೆ ವಾಕಿಂಗ್ ದಾರಿ, ಸಿಮೆಂಟ್ ಬೆಂಚು, ಕಮಾನು. ಕೆರೆಗೆ ನೀರು ತರುವ ಕಾಲುವೆಗಳನ್ನು ನಡೆದು ನೋಡಿದವರೇ ಇಲ್ಲ. ಒಂದು ಕಡೆ ಯಾರೋ ಬದು ಹಾಕಿ ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ. ಇನ್ನೊಂದು ಕಡೆ ರಸ್ತೆ ಮಾಡುವಾಗ ಮೋರಿ ಇಡದೆ ಮುಚ್ಚಿರುತ್ತಾರೆ. ಉಳಿದ ಕಡೆ ಬಳ್ಳಾರಿ ಜಾಲಿ. ಹೀಗಾದರೆ ಸಾಧಾರಣ ಮಳೆಗೆ ಕೆರೆಗೆ ಹನಿ ನೀರೂ ಬರುವುದಿಲ್ಲ. ದೊಡ್ಡ ಮಳೆಗೆ ನೀರು ದಾರಿ ಕಾಣದೆ ಊರೊಳಗೆ ನುಗ್ಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೆರೆ ಒಣಗಿರುತ್ತದೆ, ಹೊಲದಲ್ಲಿ ಕೆಲಸ ಕಡಿಮೆ, ಕೈಗೆ ಕೆಲಸ ಬೇಕು ಅನ್ನುವವರೂ ಜಾಸ್ತಿ. ಕಾಲುವೆ ಬಿಡಿಸಲು, ಹೂಳು ತೆಗೆಯಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಉದ್ಯೋಗ ಖಾತ್ರಿಯಲ್ಲಿ ಈ ಕೆಲಸಕ್ಕೆ ಅವಕಾಶವೂ ಇದೆ. ಹೂಳು ಬಿದ್ದ ಗೋಡು ಮಣ್ಣನ್ನು ರೈತರು ಹೊಲಕ್ಕೆ ಹೊಡೆದುಕೊಳ್ಳುತ್ತಾರೆ, ಅದು ತೇವ ಹಿಡಿದಿಡುತ್ತದೆ, ಒಂದು ವಾರ ಮಳೆ ತಡವಾದರೂ ರಾಗಿ ತಡೆದುಕೊಳ್ಳುತ್ತದೆ. ತೂಬು ಸರಿಯಿದೆಯೇ, ಏರಿಯಲ್ಲಿ ಹೆಗ್ಗಣದ ಬಿಲ ಇದೆಯೇ, ಮೀನಿಗಾಗಿ ಕೋಡಿಗೆ ಯಾರಾದರೂ ಅಡ್ಡ ಕಟ್ಟಿದ್ದಾರೆಯೇ ಅಂತ ಮಳೆಗೆ ಮುಂಚೆ ಒಂದು ಸುತ್ತು ನೋಡಿದರೆ ಏರಿ ಒಡೆಯುವುದು ಎಷ್ಟೋ ಕಡಿಮೆಯಾಗುತ್ತದೆ. ಒತ್ತುವರಿ ಬಿಡಿಸುವುದು ಮಾತ್ರ ಸುಲಭವಲ್ಲ, ಒಪ್ಪುತ್ತೇನೆ. ಅಳತೆಗೆ ತಾಲ್ಲೂಕು ಕಚೇರಿ ಬೇಕು, ಒತ್ತುವರಿ ಮಾಡಿದವರು ಸದಸ್ಯರ ನೆಂಟರೇ ಆಗಿರುತ್ತಾರೆ. ಆದರೂ ಗ್ರಾಮಸಭೆಯಲ್ಲಿ ಕಾಲುವೆಯ ನಕ್ಷೆ ಗೋಡೆಗೆ ಅಂಟಿಸಿ ಎಲ್ಲರೆದುರು ಓದಿದರೆ ಬಹಳಷ್ಟು ಜನ ತಾವಾಗೇ ಹಿಂದೆ ಸರಿಯುತ್ತಾರೆ.

ಎರಡನೇ ಮುಖ್ಯ ಹೊತ್ತು ದೀಪಾವಳಿ. ಆ ಹೊತ್ತಿಗೆ ಮಳೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ, ಕೊಳವೆಬಾವಿಗಳ ಮಟ್ಟ ಎಷ್ಟಿದೆ, ಬರುವ ಜೂನ್‌ವರೆಗೆ ಜನಕ್ಕೆ ಎಷ್ಟು, ದನಕರುಗಳಿಗೆ ಎಷ್ಟು, ಉಳಿದದ್ದರಲ್ಲಿ ಯಾವ ಬೆಳೆ ಅಂತ ಊರವರೆಲ್ಲ ಕೂತು ಲೆಕ್ಕ ಹಾಕಬೇಕು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ಇದನ್ನೇ ಮಾಡುತ್ತಾರೆ. ಮಳೆ ಕಡಿಮೆಯಾದ ವರ್ಷ ಹೆಚ್ಚು ನೀರು ಕುಡಿಯುವ ಬೆಳೆ ಬೇಡ ಅಂತ ಗ್ರಾಮಸಭೆಯೇ ತೀರ್ಮಾನಿಸುತ್ತದೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ. ಅದೂ ನಮ್ಮ ಬಯಲುಸೀಮೆಯಂಥದ್ದೇ ಒಣ ನೆಲ. ಅಂತರ್ಜಲ ಉಳಿಸಲು ಕೇಂದ್ರ ತಂದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಇತ್ತು. ಎಷ್ಟೋ ಪಂಚಾಯ್ತಿಗಳಲ್ಲಿ ನೀರಿನ ಆಯವ್ಯಯ ಮಾಡಿಸಿದರು. ಅದನ್ನು ಕಡತದಲ್ಲಿ ಬಿಡದೆ ವರ್ಷ ವರ್ಷ ಮುಂದುವರಿಸಬೇಕು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ರಾಗಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅಡಿಕೆ. ಸಾವಿರ ಅಡಿ ಕೊರೆಸಿ ನೀರು ಎತ್ತುತ್ತೇವೆ. 2024ರ ಬೇಸಿಗೆಯಲ್ಲಿ ತೋಟ ಉಳಿಸಲು ಟ್ಯಾಂಕರ್‌ನಲ್ಲಿ ನೀರು ಹೊಡೆದವರು ಎಷ್ಟು ಮಂದಿ! ರೈತನಿಗೆ ನಾಲ್ಕು ಕಾಸು ಸಿಗುವ ಬೆಳೆ ಅದು, ಹಾಕಬೇಡ ಅನ್ನುವ ಅಧಿಕಾರ ಪಂಚಾಯ್ತಿಗಿಲ್ಲ, ನಾನೂ ಅನ್ನುವುದಿಲ್ಲ. ಆದರೆ ಊರಿನ ನೀರಿನ ಲೆಕ್ಕ ಕಣ್ಣೆದುರು ಇದ್ದರೆ ಮುಂದಿನ ಸಸಿ ಇಡುವ ಮುಂಚೆ ಅವನೇ ಎರಡು ಸಲ ಯೋಚಿಸುತ್ತಾನೆ.

ಲೆಕ್ಕಕ್ಕೆ ಬೇಕಾದ ಮಾಹಿತಿ ಹತ್ತಿರವೇ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದವರೆಗೂ ಮಳೆ ಮಾಪಕ ಹಾಕಿದೆ. ಹದಿನೈದು ನಿಮಿಷಕ್ಕೊಮ್ಮೆ ಅದರಿಂದ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಆದರೆ ನಮ್ಮೂರಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ಬಂತು ಅಂತ ನಮ್ಮೂರಿಗೇ ಗೊತ್ತಿರುವುದಿಲ್ಲ. ಅಡಿಕೆ, ಮಾವು, ದಾಳಿಂಬೆಯ ಬೆಳೆ ವಿಮೆ ಬರುವುದೂ ಬಿಡುವುದೂ ಇಂಥ ಅಂಕಿಗಳ ಮೇಲೇ. ಅರಿವು ಕೇಂದ್ರದ, ಅಂದರೆ ಪಂಚಾಯ್ತಿ ಗ್ರಂಥಾಲಯದ, ಹಲಗೆ ಮೇಲೆ ದಿನಾ ಆ ಅಂಕಿ ಬರೆಯಲು ಒಂದು ಸೀಮೆಸುಣ್ಣ ಸಾಕು. ಪಕ್ಕದಲ್ಲೇ ನೀರುಗಂಟಿ ವಾರಕ್ಕೊಮ್ಮೆ ಕುಡಿಯುವ ನೀರಿನ ಬೋರ್‌ಗಳ ಸ್ಥಿತಿ ಬರೆಯಲಿ.

ಕರೆಂಟಿನ ಮಾತೂ ಇದೆ. ಪಂಚಾಯ್ತಿಯ ವಿದ್ಯುತ್ ಬಿಲ್ಲು ಬಹುತೇಕ ನೀರಿನ ಮೋಟಾರು, ಬೀದಿ ದೀಪಗಳದ್ದು. ಹಗಲೆಲ್ಲ ಉರಿಯುವ ಬೀದಿ ದೀಪ ಎಲ್ಲ ಊರಲ್ಲೂ ಕಾಣುತ್ತದೆ. ಟೈಮರ್ ಹಾಕಿ, ಸೋರುವ ಪೈಪು ಕಟ್ಟಿದರೆ ಕರೆಂಟೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸ ಬೆಳಗ್ಗೆ ಬೇಗ ಶುರುವಾಗಿ ಬಿಸಿಲೇರುವ ಮುಂಚೆ ಮುಗಿಯಲಿ, ಕೂಲಿಗೆ ಹೋದವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯಲ್ಲಿ ಮಕ್ಕಳಿಗೆ ಫ್ಯಾನು, ತಣ್ಣೀರು ಇರಲಿ.

ದುಡ್ಡೆಲ್ಲಿ ಅಂತ ಕೇಳುತ್ತಾರೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ ಹಣ, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಾದದ್ದು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ, ನೀರಿನ ಮರುಬಳಕೆಗೆ ಅಂತಲೇ ಇತ್ತು. ಪಕ್ಕದ ವಯನಾಡಿನ ಮೀನಂಗಾಡಿ ಪಂಚಾಯ್ತಿ 2016ರಿಂದಲೇ ಇಂಗಾಲ ಕಡಿಮೆ ಮಾಡುವ ಕೆಲಸಕ್ಕೆ ಇಳಿದಿದೆ. ಅಲ್ಲಿ ಮರ ಉಳಿಸಿಕೊಂಡ ರೈತನಿಗೆ ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ ಕೊಡುವ ಮರ ಬ್ಯಾಂಕ್ ಮಾಡಿದ್ದಾರೆ. ಕಡಿದರೆ ಸಾಲ ತೀರಿಸಬೇಕು. ಅದೂ ಒಂದು ಸಾಮಾನ್ಯ ಗ್ರಾಮ ಪಂಚಾಯ್ತಿಯೇ.

ಪಂಚಾಯ್ತಿ ಚುನಾವಣೆಗೆ ನಿಂತವರು ಮನೆ ಬಾಗಿಲಿಗೆ ಬಂದಾಗ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ. ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಗೆ ಮುಂಚೆ ಕಾಲುವೆ ಬಿಡಿಸಲು ಒಂದು ಗ್ರಾಮಸಭೆ, ದೀಪಾವಳಿ ಮುಗಿದ ವಾರ ನೀರಿನ ಲೆಕ್ಕಕ್ಕೆ ಇನ್ನೊಂದು, ಎರಡನ್ನೂ ಕರೆಯುತ್ತೀರಾ ಅಂತ. ಹೇಗೂ ವರ್ಷಕ್ಕೆ ಎರಡು ಗ್ರಾಮಸಭೆಯಾದರೂ ನಡೆಸಲೇಬೇಕು. ದಿನಾಂಕ ಮಾತ್ರ ಮಳೆ ನೋಡಿ ಇಡಲಿ.